ಕರಡಿಗೆಯ ಪಕ್ಕದ ಕೆಂಪು ಚೀಲ

೧೮ ಆಗಸ್ಟ್ ೧೯೪೧, ಸೋಮವಾರ. ಕ್ಯೋಟೋ

ಶ್ರಾವಣದ ಕಡೇ ಸೋಮವಾರ. ಬೇಗ ಎದ್ದು ಬೀದಿಯ ಸ್ನಾನದ ಮನೆಗೆ ಹೋದೆ. ಈ ಊರಿನಲ್ಲಿ ಸ್ನಾನವೆಂದರೆ ಸಾರ್ವಜನಿಕ ಸಭೆ. ಅಧ್ಯಕ್ಷರೂ ಬತ್ತಲೆ, ಸಭಿಕರೂ ಬತ್ತಲೆ. ಮೂರು ವರ್ಷದಲ್ಲಿ ನಾಚಿಕೆ ಬಿಟ್ಟಿದ್ದೇನೆ, ಕೊರಳಿನ ಕರಡಿಗೆ ಬಿಟ್ಟಿಲ್ಲ. ಬೆಳ್ಳಿಯ ಕರಡಿಗೆ, ಒಳಗೆ ಲಿಂಗ, ಮೇಲೆ ಶಿವದಾರ. ಕೆಳಗೆ ಚನ್ನರಾಯಪಟ್ಟಣದ ಕೊಬ್ಬರಿ ಮಂಡಿ ಪಂಚಾಕ್ಷರಯ್ಯನವರ ಸುಪುತ್ರ ಷಡಕ್ಷರಿ, ಬಿ.ಎಸ್‌ಸಿ., ರೇಷ್ಮೆ ಶಾಸ್ತ್ರದ ವಿದ್ಯಾರ್ಥಿ — ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ.

ಎದುರಿಗೆ ಮೊರಿ ಕೂತಿದ್ದ. ಪರದೇಶದವರ ಮೇಲೆ ಕಣ್ಣಿಡಲು ಸರ್ಕಾರ ಇಟ್ಟಿರುವ ಪೊಲೀಸು. ನನ್ನ ಪಾಲಿಗೆ ಬಂದ ನೆರಳು. ಟ್ರಾಮಿನಲ್ಲಿ ಬರುತ್ತಿದ್ದ, ಕಾಲೇಜಿನ ಗೇಟಿಗೆ ಬರುತ್ತಿದ್ದ, ಇವತ್ತು ತೊಟ್ಟಿಗೇ ಬಂದ. ಬತ್ತಲೆ ಪೊಲೀಸನ್ನು ನೋಡಿದ್ದು ಇದೇ ಮೊದಲು. ಕನ್ನಡಕ ಮಾತ್ರ ಉಟ್ಟಿದ್ದ. ಹಬೆ ಒರೆಸಿ ಒರೆಸಿ ನನ್ನ ಎದೆ ನೋಡುತ್ತಿದ್ದ. ಅಂಥಾ ನೋಡುವಂಥ ಎದೆಯಲ್ಲ. ಕರಡಿಗೆ ನೋಡುತ್ತಿದ್ದ.

ಇವರ ಪಿತೃಪಕ್ಷ ಮುಗಿಯಿತು, ಮೊನ್ನೆ ಬೆಟ್ಟದ ಮೇಲೆ ಬೆಂಕಿ ಹಚ್ಚಿ ಪಿತೃಗಳನ್ನು ಕಳಿಸಿಕೊಟ್ಟರು. ಮುಂದಿನ ಸರದಿ ಬ್ರಿಟಿಷ್ ಪ್ರಜೆಗಳದು, ಎಂದರೆ ನನ್ನಂಥವರದು. ಕೋಬೆ ಬಂದರಿನ ಗುಜರಾತಿ ಸೇಟು ಹೇಳಿ ಕಳಿಸಿದ್ದಾನೆ: ಭಾನುವಾರ ಶಾಂಘೈಗೆ ಒಂದು ಹಡಗಿದೆ. ಅಲ್ಲಿಂದ ಮುಂದೆ ಶಿವನ ಚಿತ್ತ. ಇದು ತಪ್ಪಿದರೆ ಇನ್ನೊಂದು ಯಾವಾಗಲೋ… ಇನ್ನೊಂದು ಇದೆಯೋ ಇಲ್ಲವೋ.

೧೯ ಆಗಸ್ಟ್, ಸಂಜೆ

ಠಾಣೆಗೆ ಕರೆಸಿದರು. ಊರು ಬಿಡುವ ಪರ್ಮಿಟ್ಟಿಗೆ ಸಹಿ ಹಾಕುತ್ತಾರೆಂದು ಬೂಟು ಪಾಲಿಷ್ ಮಾಡಿಕೊಂಡು ಹೋದೆ.

ಮೊರಿ ಕರಡಿಗೆ ತೋರಿಸಿ "ಇದೇನು?" ಎಂದ.

"ದೇವರು."

"ಯಾವ ದೇಶದಲ್ಲಿ ಮಾಡಿದ್ದು?"

"ಚನ್ನರಾಯಪಟ್ಟಣದಲ್ಲಿ."

ಬರೆದುಕೊಂಡ. ಇಷ್ಟೇ ಗಾತ್ರದ ಕ್ಯಾಮೆರಾ ಇರುತ್ತದಂತೆ, ಅವನ ಮೇಲಿನವನು ಹೇಳಿದ. ಅಲ್ಲಾ ಸ್ವಾಮಿ, ಇದು ಕ್ಯಾಮೆರಾ ಆಗಿದ್ದರೆ ಮೂರು ವರ್ಷದಿಂದ ನಿಮ್ಮೂರ ಬತ್ತಲೆ ಗಂಡಸರ ಪಟವಲ್ಲದೆ ಇನ್ನೇನು ತೆಗೆದಿರುತ್ತೆ… ಎನ್ನಬೇಕೆಂದಿದ್ದೆ. ಜಪಾನಿ ಮಾತು ಹೊಳೆಯುವುದರೊಳಗೆ ಇಬ್ಬರು ಕೈ ಹಿಡಿದರು. ಶಿವದಾರ ತಲೆಯ ಮೇಲಿಂದ ಹೊರಗೆ ಬಂತು.

ಪರಿಶೀಲನೆ ಮುಗಿದ ಮೇಲೆ ಕೊಡುತ್ತಾರಂತೆ. ಯಾವಾಗ? ತಿಳಿಸುತ್ತಾರಂತೆ.

ಎದೆ ಹಗುರವಾಗಿದೆ. ಇಷ್ಟು ಹಗುರ ಯಾವತ್ತೂ ಇರಲಿಲ್ಲ. ತಡೆಯಲಾಗುತ್ತಿಲ್ಲ.

೨೦ ಆಗಸ್ಟ್

ಊರು ಬಿಡುವಾಗ ಅವ್ವ ಹೇಳಿದ್ದು ಇಷ್ಟು: "ಯಾವ ಬಟ್ಟೆನಾದ್ರೂ ಉಟ್ಕೊ, ಯಾವ ಭಾಷೆನಾದ್ರೂ ಆಡು. ಲಿಂಗ ಮೈಯಿಂದ ಇಳೀತು ಅಂದ್ರೆ ನನ್ನ ಹೊಸ್ತಿಲು ತುಳೀಬ್ಯಾಡ ಕಣ್ಲಾ." ಲಿಂಗಪೂಜೆ ಆಗದೆ ಬಾಯಿಗೆ ತುತ್ತು ಇಡಬಾರದು ಎಂಬುದು ಹೇಳುವ ಮಾತೇ ಅಲ್ಲ, ಅದು ಹಾಲಿನ ಜತೆ ಕುಡಿಸಿದ್ದು.

ಹಾಸ್ಟೆಲಿನ ಗೆಳೆಯರೆದುರು ಇದನ್ನೇ ಅಣಕಿಸಿ ನಗಿಸಿದವನು ನಾನು. ವಿಚಾರವಂತ. ಪ್ರಗತಿಪರ. ಈ ಬೆಳಿಗ್ಗೆ ವಿಚಾರವಂತರು ಅನ್ನದ ಬಟ್ಟಲು ಎದುರಿಗಿಟ್ಟುಕೊಂಡು ಕೂತರು. ತುತ್ತು ಎತ್ತಿದರು. ಇಳಿಸಿದರು. ಮತ್ತೆ ಎತ್ತಿದರು. ಒಳಗೆ ಹೋಗಲಿಲ್ಲ.

ನೀರು ಕುಡಿದೆ. ಕ್ಯೋಟೋದ ಸೆಕೆ ಗೊತ್ತಿದ್ದರೆ ಶಿವ ಕ್ಷಮಿಸುತ್ತಾನೆ.

ನಾನಿರುವುದು ಉಮೆ ಎಂಬ ವಿಧವೆಯ ಮನೆಯ ಮಹಡಿಯಲ್ಲಿ. ಹೆಸರು ಕೇಳಿ ಅವ್ವನಿಗೆ ಎಷ್ಟೋ ಸಮಾಧಾನವಾಗಿತ್ತು, ಸಾಕ್ಷಾತ್ ಪಾರ್ವತಿಯ ಮನೆಯಲ್ಲೇ ಬಾಡಿಗೆಗಿದ್ದೇನೆಂದು. ಪಾರ್ವತಿ ನನಗಾಗಿ ಮೀನು ತಾಕಿಸದ ಪಾತ್ರೆ ಬೇರೆ ಇಟ್ಟಿದ್ದಾಳೆ. ಅನ್ನ ಹಾಗೇ ಕೆಳಗೆ ಬಂದದ್ದು ನೋಡಿ ಮಹಡಿ ಹತ್ತಿ ಬಂದಳು.

"ಷಡಕು-ಸಾನ್, ಹೊಟ್ಟೆನೋವೇ?"

"ಅಲ್ಲ."

"ಅನ್ನ ಸರಿಯಿಲ್ಲವೇ? ರೇಷನ್ ಅಕ್ಕಿ. ನನ್ನ ತಪ್ಪಲ್ಲ."

ಎದೆ ಮುಟ್ಟಿ ತೋರಿಸಿದೆ. ಬೆಳ್ಳಿಯ ಡಬ್ಬಿ ಎಲ್ಲಿ ಎಂದಳು. ಹೇಳಿದೆ. ಆ ಅನ್ನ ಅವಳೂ ಉಣ್ಣಲಿಲ್ಲ, ಮುಚ್ಚಿಟ್ಟಳು.

೨೧ ಆಗಸ್ಟ್, ಮಧ್ಯಾಹ್ನ

ಪರ್ಮಿಟ್ಟು ಬಂತು! ಭಾನುವಾರದ ಹಡಗಿಗೆ ನನ್ನ ಹೆಸರಿದೆ. ಕರಡಿಗೆಯ ಸುದ್ದಿ ಇಲ್ಲ.

ಲಿಂಗಕ್ಕೆ ಕಾಂತಿ ಎಂಬ ಕಪ್ಪು ಲೇಪ ಮೆತ್ತಿರುತ್ತದೆ. ಅದನ್ನು ಮದ್ದುಗುಂಡಿನ ಮಸಾಲೆ ಎಂದುಕೊಂಡು ಕೆರೆದರೆ? ಒಡೆದು ನೋಡಿದರೆ? ಒಡೆದ ಲಿಂಗಕ್ಕೆ ಪೂಜೆಯಿಲ್ಲ. ಅಂಥದ್ದನ್ನು ಹೊತ್ತು ಅವ್ವನ ಮುಂದೆ ನಿಲ್ಲುವುದು ಹೇಗೆ… ಹೊರದೆ ನಿಲ್ಲುವುದು ಹೇಗೆ.

ಠಾಣೆಗೆ ಹೋದೆ. ಪರಿಶೀಲನೆಯಲ್ಲಿದೆ ಎಂದರು. ತಲೆ ತಿರುಗಿ ಕಾಮೊ ಹೊಳೆಯ ಸೇತುವೆ ಮೇಲೆ ಕೂತೆ. ಮಗ್ಗದ ಕೇರಿಯಿಂದ ಸದ್ದೇ ಇಲ್ಲ. ನಾನು ಬಂದಾಗ ಹಗಲೆಲ್ಲಾ ಕಿವಿ ಕಿತ್ತುಹೋಗುತ್ತಿತ್ತು. ಈಗ ರೇಷ್ಮೆ ಕೊಳ್ಳುವವರಿಲ್ಲ. ನಾನು ಕಲಿತದ್ದನ್ನೆಲ್ಲ ಈ ಊರು ನಿಲ್ಲಿಸಿಬಿಟ್ಟಿದೆ.

ಮನೆಗೆ ಬಂದರೆ ಉಮೆಯಮ್ಮ ಇಲ್ಲ. ನಾನು ಸೇತುವೆ ಮೇಲಿದ್ದಾಗ ಠಾಣೆಗೆ ಹೋಗಿ, ಬಾಗಿಲ ಮೆಟ್ಟಿಲ ಮೇಲೆ ಮಂಡಿಯೂರಿ ಕೂತಿದ್ದಾಳಂತೆ. ಪಕ್ಕದ ಮನೆಯವಳು ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಪರದೇಶದವನ ಪರ ಮಾತಾಡುವುದು ಇಲ್ಲಿ ಈಗ ಸಣ್ಣ ವಿಷಯವಲ್ಲ.

೨೨ ಆಗಸ್ಟ್

ರಾತ್ರಿ ಮನೆಗೆ ಬಂದಿದ್ದವಳು ಬೆಳಿಗ್ಗೆ ಮತ್ತೆ ಠಾಣೆಗೆ ಹೋದಳು, ನಾನೂ ಹೋಗಿ ಅವಳ ಪಕ್ಕ ಕೂತೆ. ಎಬ್ಬಿಸಲು ಬಂದವನಿಗೆ ಅವಳು ಅಂದದ್ದು: "ಇದು ಒಮಾಮೋರಿ. ಈ ಹುಡುಗನ ತಾಯಿ ಕಟ್ಟಿದ್ದು. ಅದಿಲ್ಲದೆ ಇವನು ಉಣ್ಣುವುದಿಲ್ಲ. ಇವನು ಉಣ್ಣದೆ ನಾನು ಹೇಗೆ ಉಣ್ಣಲಿ? ನಿನ್ನ ತಾಯಿ ಉಣ್ಣುತ್ತಿದ್ದಳೇ?"

ಒಮಾಮೋರಿ ಎಂದರೆ ಇವರ ತಾಯತ. ದೇವಸ್ಥಾನದಲ್ಲಿ ಕೊಡುವ ಪುಟ್ಟ ರೇಷ್ಮೆ ಚೀಲ. ಒಳಗಿರುವುದನ್ನು ಬಿಚ್ಚಿ ನೋಡಬಾರದು.

ಮೊರಿಯ ಮೇಲಿನವನು ಬಂದು ಗದರಿದ. ಅವಳು ಹಣೆ ನೆಲಕ್ಕೆ ಮುಟ್ಟಿಸಿದಳು. ಆದರೆ ಏಳಲಿಲ್ಲ. ಇಷ್ಟು ವಿನಯವಾಗಿ ಮೊಂಡುತನ ಮಾಡುವವರನ್ನು ನಾನು ಕಂಡಿಲ್ಲ — ಚನ್ನರಾಯಪಟ್ಟಣದಲ್ಲಿ ಒಬ್ಬರು ಇದ್ದಾರೆ, ಆದರೆ ಅಲ್ಲಿ ವಿನಯ ಇಲ್ಲ.

ಮಧ್ಯಾಹ್ನ ದಾಟಿತು. ಮೊರಿ ಹೊರಗೆ ಬಂದ. ಎರಡೂ ಕೈಯಲ್ಲಿ ಬಿಳಿ ಕರವಸ್ತ್ರ, ಅದರ ಮೇಲೆ ಕರಡಿಗೆ. ಒಳಗಿನವರಿಗೆ ಕೇಳುವಂತೆ "ಪರಿಶೀಲಿಸಲಾಯಿತು!" ಎಂದು ಕೂಗಿದ. ಬಗ್ಗಿ ನನ್ನ ಕೈಗಿಡುವಾಗ ಪಿಸುಗುಟ್ಟಿದ: "ಬಿಚ್ಚಲಿಲ್ಲ. ನನಗೂ ತಾಯಿ ಇದ್ದಾಳೆ."

ಮನೆಗೆ ಬಂದು ಸ್ನಾನ ಮಾಡಿ ತೆರೆದೆ. ನಾನು ಸುತ್ತಿದ ವಸ್ತ್ರ, ನಾನು ಮಡಿಸಿದ ಮಡಿಕೆ. ಕಾಂತಿಯ ಮೇಲೆ ಗೀರಿಲ್ಲ. ಎಡಗೈ ಮೇಲಿಟ್ಟುಕೊಂಡು ಪೂಜೆಗೆ ಕೂತೆ. ಮಂತ್ರ ಒಂದೂ ನೆನಪಾಗಲಿಲ್ಲ. ಸುಮ್ಮನೆ ನೋಡುತ್ತಾ ಕೂತೆ.

ಆಮೇಲೆ ಇಬ್ಬರೂ ಉಂಡೆವು. ಅವಳ ರೇಷನ್ನಿನ ಅಕ್ಕಿಯೂ ಮುಗಿಯಿತು.

೨೩ ಆಗಸ್ಟ್, ರೈಲಿನಲ್ಲಿ

ಟ್ರಂಕು ಹೊರಗೆ ಹೋಯಿತು. ಉಮೆಯಮ್ಮ ಸ್ಟೇಷನ್ನಿಗೆ ಬರುವುದು ಬೇಡವೆಂದೆ. ಈಗಾಗಲೇ ಅವಳ ಹೆಸರು ಠಾಣೆಯಲ್ಲಿದೆ.

ಅವಳಿಗೊಬ್ಬ ಮಗ. ಹೆಸರು ಸೇಜಿ. ಚೀನಾ ಯುದ್ಧಕ್ಕೆ ಹೋಗಿದ್ದಾನೆ. ವರ್ಷದಿಂದ ಸುದ್ದಿಯಿಲ್ಲ. ಅವನು ಹೊರಡುವಾಗ ಗುಡಿಯಿಂದ ಒಂದೇ ಥರದ ಎರಡು ಕೆಂಪು ಚೀಲ ತಂದಿದ್ದಳಂತೆ. ಒಂದು ಅವನ ಕೊರಳಿಗೆ. ಅದರ ಜೋಡಿ ಇಲ್ಲಿ ಗೋಡೆಗೆ. ಅದನ್ನು ತೆಗೆದು ನನ್ನ ಕರಡಿಗೆಯ ಪಕ್ಕಕ್ಕೆ ಕಟ್ಟಿದಳು.

"ಗೋಡೆಗೆ ಯಾವ ಅಪಾಯವೂ ಇಲ್ಲ, ಷಡಕು-ಸಾನ್. ದಾರಿಯಲ್ಲಿರುವವರಿಗೆ ಬೇಕು. ಬಿಚ್ಚಬೇಡ."

ಬೇಡ ಎನ್ನಬೇಕಿತ್ತು. ಲಿಂಗವಿರುವ ಎದೆಗೆ ಅನ್ಯದೈವ ಸಲ್ಲದು. ಬೇಡ ಎನ್ನುವ ಬಾಯಿ ಯಾರಿಗಿದೆ.

ಬಾಗಿಲಲ್ಲಿ ನಿಂತು 'ಸಯೋನಾರಾ' ಎಂದೆ. ಕೈಯಾಡಿಸಿಬಿಟ್ಟಳು. ಹಾಗನ್ನಬಾರದು, ಅದು ಬಿಟ್ಟುಹೋಗುವವರ ಮಾತು, ದಿನಾ ಕಾಲೇಜಿಗೆ ಹೋಗುವಾಗ ಅನ್ನುತ್ತಿದ್ದೆಯಲ್ಲ ಅದನ್ನು ಅನ್ನು ಎಂದಳು. ಅಂದೆ. ನಮ್ಮ 'ಹೋಗಿ ಬರ್ತೀನಿ'ಯೇ ಅದು. ಅಕ್ಷರಶಃ ಅದೇ.

ಟ್ರಾಮಿನಲ್ಲಿ ಮೊರಿ ಹಿಂದಿನ ಸೀಟಿನಲ್ಲಿದ್ದ. ಪ್ಲಾಟ್‌ಫಾರಮ್ಮಿನಲ್ಲಿ ಕಂಬದ ಹಿಂದೆ ನಿಂತ. ಗಾಡಿ ಹೊರಟಾಗ ಟೋಪಿ ಮುಟ್ಟಿಕೊಂಡ. ಸೆಲ್ಯೂಟೋ ಗಾಳಿಯೋ ತಿಳಿಯಲಿಲ್ಲ. ಇಡೀ ಊರು ನನ್ನನ್ನು ಬೀಳ್ಕೊಡಲು ಕಳಿಸಿದ್ದು ಒಬ್ಬ ಪೊಲೀಸನ್ನು!

೪ ಅಕ್ಟೋಬರ್ ೧೯೪೧. ಚನ್ನರಾಯಪಟ್ಟಣ

ಅರಸೀಕೆರೆಯಲ್ಲಿ ಇಳಿದು, ಬಸ್ಸಿನ ಟಾಪಿನ ಮೇಲೆ ಟ್ರಂಕು, ತೆಂಗಿನಕಾಯಿ ಮೂಟೆಗಳ ಮಧ್ಯೆ ನಾನು. ಮನೆ.

ಅವ್ವ ಹೊಸ್ತಿಲ ಒಳಗೆ ನಿಂತಿದ್ದಳು. ಮುಖ ನೋಡಲಿಲ್ಲ. ನೇರ ಎದೆಯ ಮೇಲೆ ಕೈಯಿಟ್ಟಳು, ಶರ್ಟಿನ ಮೇಲಿಂದಲೇ.

"ಐತಾ?"

"ಐತೆ ಕಣವ್ವ."

ಆಮೇಲೆ ಮುಖ ನೋಡಿ ಅತ್ತಳು. ಮೂರು ದಿನ ಅದು ಮೈಮೇಲಿರಲಿಲ್ಲ ಎಂದು ಹೇಳಲು ಅದು ಸಮಯವಲ್ಲ. ಆರತಿ ತಟ್ಟೆ ಕೆನ್ನೆ ಹತ್ತಿರ ಇತ್ತು. ಹೊಸ್ತಿಲು ದಾಟಿದೆ.

ಸ್ನಾನಕ್ಕೆ ನೀರು ಹಾಕುವಾಗ ಕೆಂಪು ಚೀಲ ಕಂಡಳು.

"ಇದೇನ್ಲಾ?"

"ರೇಷ್ಮೆ ಮಾದರಿ ಅವ್ವ."

"ಮಾದರಿನ ಎದೆಗ್ಯಾಕ್ಲಾ ನೇತಾಕ್ಕಂಡಿದ್ದೀಯ? ನಿಮ್ಮಪ್ಪ ಏನು ಕೊಬ್ಬರಿ ಕಟ್ಕಂಡು ತಿರುಗ್ತಾರಾ?"

೯ ಡಿಸೆಂಬರ್

ಯುದ್ಧ. ಜಪಾನು ಈಗ ನಮ್ಮ ಶತ್ರು. ಮಂಡಿಯಲ್ಲಿ ಪೇಪರು ಓದಿದೆ.

ಕಾಯಿ ಸುಲಿಯುವ ಬೋರಪ್ಪ ಕೇಳಿದ: "ಬುದ್ಧೀ, ನಿಮ್ ಜಪಾನ್ನೋರು ನಮ್ಮೂರ್ಗೆ ಬತ್ತಾರಾ?"

"ಯಾಕೋ?"

"ಬಂದ್ರೆ ಕಾಯಿ ರೇಟು ಏರ್ತದಾ ಅಂತ."

ಎಲ್ಲರೂ ನಕ್ಕರು. ನಾನೂ ನಕ್ಕೆ. 'ನಿಮ್ ಜಪಾನ್ನೋರು'… ಸೇಜಿ ಎಲ್ಲಿದ್ದಾನೋ. ಇದ್ದಾನೋ.

ಅವ್ವ ದಿನಾ ಕೇಳುತ್ತಾಳೆ, ಮಾದರಿ ಯಾವಾಗ ಬಿಚ್ಚುತ್ತೀಯ ಎಂದು. ನಾನು ದಿನಾ ಒಂದು ಸುಳ್ಳು ನೇಯುತ್ತೇನೆ. ಮೂರು ವರ್ಷದ ನೇಯ್ಗೆಯ ತರಬೇತಿ ಪೂರ್ತಿ ವ್ಯರ್ಥವಾಗಿಲ್ಲ.

೧೭ ಫೆಬ್ರವರಿ ೧೯೪೨

ಶಿವರಾತ್ರಿ ಕಳೆಯಿತು. ಸಿಂಗಪುರ ಬಿತ್ತು. ಹೊಳೆನರಸೀಪುರಕ್ಕೆ ಹಾಕಿದ ಕೆಲಸದ ಅರ್ಜಿಗೆ ಉತ್ತರವಿಲ್ಲ. ಹೆಣ್ಣು ತೋರಿಸಲು ಅರಕಲಗೂಡಿನವರು ಬರಹೇಳಿದ್ದರು. ಈಗ ಮೂಢ ಇದೆಯಂತೆ. ಮೂಢ ಇರುವುದು ಆಕಾಶದಲ್ಲಲ್ಲ, ನನ್ನ ಜಪಾನಿನಲ್ಲಿ.

ಇವತ್ತು ಹಾಸನದಿಂದ ಕಾನ್‌ಸ್ಟೇಬಲ್ ಕೆಂಚಯ್ಯ ಬಂದ. ಜಪಾನಿ ಅಕ್ಷರವಿರುವುದೆಲ್ಲ ಒಪ್ಪಿಸಬೇಕೆಂದು ಹುಕುಂ. ಪುಸ್ತಕ ಕೊಟ್ಟೆ, ಬೀಸಣಿಗೆ ಕೊಟ್ಟೆ, ಬೆಂಕಿಪೊಟ್ಟಣ ಕೊಟ್ಟೆ.

"ಕೊರಳ್ದೂ ಕೊಡಿ ಸಾ."

ಚೀಲದ ಮೇಲೆ ಚಿನ್ನದ ದಾರದಲ್ಲಿ ಅಕ್ಷರಗಳಿವೆ.

"ಇದು ತಾಯತ, ಕೆಂಚಯ್ಯ."

"ಅಂಗಂತ ಬರ್ಕತೀನಿ ಸಾ. ಇನಿಸ್ಪೆಟ್ರು ಬಿಚ್ಚಿ ನೋಡ್ತಾರೆ, ಏನೂ ಇಲ್ದಿದ್ರೆ ಕೊಡ್ತಾರೆ. ನಂಗೇನ್ ಸಾ, ಬಿಸ್ಲಲ್ಲಿ ಬಂದಿವ್ನಿ."

ಅವನೇ ಗಂಟು ಬಿಚ್ಚಿದ. ಕರಡಿಗೆಗೆ ಕೈ ತಾಕದಂತೆ ಎರಡೇ ಬೆರಳಲ್ಲಿ. ಇಷ್ಟು ಮರ್ಯಾದೆ ಕ್ಯೋಟೋದಲ್ಲಿ ಸಿಗಲಿಲ್ಲ. ಆದರೂ ಹೋಯಿತು.

ಅವ್ವ ಬಾಗಿಲ ಹಿಂದೆ ನಿಂತು ನೋಡಿದಳು. "ಹೋಯ್ತಲ್ಲ, ಒಳ್ಳೇದಾಯ್ತು" ಎಂದಳು.

ಬಿಚ್ಚುತ್ತಾರೆ.

೧೮ ಫೆಬ್ರವರಿ, ಬೆಳಿಗ್ಗೆ

ಹೇಳಿದೆ. ಅಡಿಗೆಮನೆಯ ಹೊಸ್ತಿಲ ಹೊರಗೆ ಕೂತು ಹೇಳಿದೆ, ಏನಾದರಾಗಲಿ ಎಂದು. ಸ್ನಾನದ ಮನೆ, ಮೊರಿ, ಶಿವದಾರ ತಲೆಯ ಮೇಲಿಂದ ಹೋದದ್ದು, ಮೆಟ್ಟಿಲು, ಎರಡು ಕೆಂಪು ಚೀಲ. ಅವ್ವ ರಾಗಿಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಕೇಳಿದಳು.

"ಆ ಮೂರು ದಿನ ಉಂಡ್ಯೇನ್ಲಾ?"

"ಇಲ್ಲ."

"ನೀರು?"

"ಕುಡಿದೆ."

"ಆಯಮ್ಮ?"

"ಅವಳೂ ಉಣ್ಣಲಿಲ್ಲ."

ಅವ್ವ ಎದ್ದಳು. ಹೊರಗೆ ಹೋಗು ಎನ್ನುತ್ತಾಳೆಂದು ನಾನೂ ಎದ್ದೆ. ಕೈ ತೊಳೆದಳು. ಒಲೆಯ ಉರಿ ಆರಿಸಿದಳು.

"ಹಾಸನದ ಬಸ್ಸು ಎಷ್ಟೊತ್ತಿಗೆ?"

"ಅವ್ವ, ಲಿಂಗ ಮೈಯಿಂದ ಇಳಿದದ್ದು—"

"ಗುರುಗಳತ್ರ ನಾನು ಮಾತಾಡ್ತೀನಿ. ನೀನು ಬಾಯಿ ಬಿಡಬ್ಯಾಡ. ನಿನ್ನ ಬಾಯಿ ನೆಟ್ಟಗಿಲ್ಲ. ಮಾದರಿಯಂತೆ!"

ಸಂಜೆ

ಹಾಸನದ ಠಾಣೆಯ ಜಗಲಿ. ಅವ್ವ ಮೆಟ್ಟಿಲ ಮೇಲೆ ಕೂತಳು. ಮೆಟ್ಟಿಲಿನ ವಿಷಯ ನಾನು ಹೇಳಿದ್ದೆ, ಅಲ್ಲೇ ಕೂರಬೇಕೆಂದು ಹೇಳಿರಲಿಲ್ಲ.

ಕೆಂಚಯ್ಯ ಓಡಿ ಬಂದ. "ಅಮ್ಮಾರೇ, ಒಳೀಕೆ ಬೆಂಚೈತೆ, ಬನ್ನಿ. ಇಲ್ಲಿ ಕುಂತ್ರೆ ನನ್ ಕೆಲ್ಸ ಓಯ್ತದೆ."

"ನಿನ್ನ ಕೆಲ್ಸ ಹೋದ್ರೆ ನಮ್ಮ ಮಂಡಿಗೆ ಬಾ. ನಿನ್ನ ಸಾಹೇಬ್ರನ್ನ ಕರಿ. ನಾನು ಉಂಡಿಲ್ಲ ಅಂತ ಹೇಳು."

ಇನ್ಸ್‌ಪೆಕ್ಟರು ಒಳಗೆ ಕರೆಸಿದರು. ಮೇಜಿನ ಮೇಲೆ ನನ್ನ ಪುಸ್ತಕ, ಬೀಸಣಿಗೆ, ಕೆಂಪು ಚೀಲ. ಅದರ ಪಕ್ಕ ಕತ್ತರಿ. ಇನ್ನೂ ಬಿಚ್ಚಿರಲಿಲ್ಲ. ಇನ್ನೂ!

"ಒಳಗೇನಿದೆ?" ಎಂದರು ನನ್ನನ್ನು.

"ಗೊತ್ತಿಲ್ಲ ಸಾರ್. ನೋಡಿಲ್ಲ."

"ಇಷ್ಟು ದಿನ ಕೊರಳಲ್ಲಿ ಕಟ್ಟಿಕೊಂಡು ಒಳಗೇನಿದೆ ನೋಡಿಲ್ಲವೇ? ಬಿ.ಎಸ್‌ಸಿ. ಓದಿದವರು ಹೇಳುವ ಮಾತೇನ್ರೀ ಇದು?" ಕತ್ತರಿ ತೆಗೆದುಕೊಂಡರು.

"ಅದು ಜೋಡಿದು ಸ್ವಾಮಿ," ಎಂದಳು ಅವ್ವ. "ಇನ್ನೊಂದು ಆಯಮ್ಮನ ಮಗನ ಕೊರಳಲ್ಲೈತೆ. ಇಲ್ಲೀದ್ನ ಬಿಚ್ಚಿದ್ರೆ ಅಲ್ಲಿ ಏನಾಯ್ತದೋ."

"ಯಾವ ಮಗ? ಎಲ್ಲಿದ್ದಾನೆ ಅವನು?"

ಚೀನಾದಲ್ಲಿ, ಜಪಾನಿನ ಸೈನ್ಯದಲ್ಲಿ ಎಂದು ಅವ್ವ ಅಂದರೆ ನಾನು ಇಲ್ಲಿಂದ ಮನೆಗೆ ಹೋಗುವುದಿಲ್ಲ. ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವಳು ತಿರುಗಿಯೂ ನೋಡಲಿಲ್ಲ.

"ಎಲ್ಲವ್ನೋ. ಹೆತ್ತೋಳಿಗೇ ಗೊತ್ತಿಲ್ಲ. ನಿಮಗೆ ಗೊತ್ತಾದ್ರೆ ಹೇಳಿ, ಆಯಮ್ಮನಿಗೆ ತಿಳಿಸ್ತೀನಿ."

ಇನ್ಸ್‌ಪೆಕ್ಟರು ಕತ್ತರಿ ಬಾಯಿ ತೆರೆದರು. ಅವ್ವ ಮುಂದಕ್ಕೆ ಬಗ್ಗಿದಳು.

"ಸ್ವಾಮಿ, ನಿಮ್ಮ ಕಾಲರ್ ಸಂದೀಲಿ ಕರೀ ದಾರ ಕಾಣ್ತದೆ. ತಾಯತ ಅಲ್ವಾ?"

"…ಹೌದು. ನಮ್ಮ ತಾಯಿ ಕಟ್ಟಿದ್ದು."

"ಒಳಗೇನೈತೆ ನೋಡಿದ್ದೀರಾ?"

ಬಾಗಿಲಲ್ಲಿ ನಿಂತಿದ್ದ ಕೆಂಚಯ್ಯ ತನ್ನ ಕೊರಳನ್ನೂ ಮುಟ್ಟಿಕೊಂಡ. ಇನ್ಸ್‌ಪೆಕ್ಟರು ಅವನನ್ನು ನೋಡಿದರು. ಅವನು ಗೋಡೆ ನೋಡಿದ. ಕತ್ತರಿ ಮೇಜಿನ ಮೇಲೆ ಕೂತಿತು. ಕಾಗದದ ಮೇಲೆ ಏನೋ ಗೀಚಿ ಗಟ್ಟಿಯಾಗಿ ಓದಿದರು:

"ಪರಿಶೀಲಿಸಲಾಯಿತು."

ಯಾವ ದೇಶದ ಪೊಲೀಸರಿಗೂ ಬೇರೆ ಮಾತು ಗೊತ್ತಿಲ್ಲ. ನನಗೆ ನಗು ಬಂತು, ಆಮೇಲೆ ನಗು ನಿಲ್ಲಲಿಲ್ಲ, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಅವ್ವ ಸೆರಗು ಕೊಟ್ಟಳು.

ಪುಸ್ತಕ, ಬೀಸಣಿಗೆ ಅಲ್ಲೇ ಉಳಿದವು. ಬೆಂಕಿಪೊಟ್ಟಣದಲ್ಲಿ ಕಡ್ಡಿ ಕಡಿಮೆಯಾಗಿತ್ತು.

೧೯ ಫೆಬ್ರವರಿ

ಪೂಜೆ ಮುಗಿಸಿದೆ. ಅವ್ವ ಕೆಂಪು ಚೀಲ ತಂದಳು. ಲಿಂಗದ ದಾರಕ್ಕೆ ಕಟ್ಟಲಿಲ್ಲ, ಅಷ್ಟು ದೂರ ಅವಳು ಬರುವವಳಲ್ಲ. ಬೇರೆ ದಾರ ಹಾಕಿ, ಬೇರೆ ಗಂಟು ಹಾಕಿ ಕೊರಳಿಗೆ ಇಳಿಸಿದಳು.

"ಇದೂ ಇರ್ಲಿ. ಅದರ ಜಾಗದಲ್ಲಿ ಅದು, ಇದರ ಜಾಗದಲ್ಲಿ ಇದು."

ಎಲೆ ಹಾಕಿದಳು. ಬಡಿಸಿದಳು. ಎದುರಿಗೆ ಕೂತಳು.

"ಉಂಡ ಮೇಲೆ ಆಯಮ್ಮನಿಗೊಂದು ಕಾಗದ ಬರಿ."

"ಜಪಾನಿಗೆ ಟಪಾಲು ಇಲ್ಲವ್ವ. ಯುದ್ಧ."

"ಬರಿ ಅಂದೆ. ಟಪಾಲು ಶುರುವಾದಾಗ ಹೋಯ್ತದೆ. ಬರೆಯೋದೇನು ಹಳಸ್ತದಾ?"

"ಏನಂತ ಬರೀಲಿ?"

"ನಾನು ಹೇಳ್ತೀನಿ. ಅವರ ಭಾಷೇಲಿ ಬರಿ."

ಈಗ ಮಧ್ಯಾಹ್ನ. ಮಂಡಿಯಲ್ಲಿ ಬೋರಪ್ಪನ ಗಲಾಟೆ ಕೇಳುತ್ತಿದೆ. ಅವ್ವ ಕಂಬಕ್ಕೆ ಒರಗಿ ಹೇಳುತ್ತಿದ್ದಾಳೆ. ಜಪಾನಿ ಅಕ್ಷರ ಕೈಗೆ ಬರುತ್ತಿಲ್ಲ, ಮೊದಲು ಇಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೇನೆ:

ಉಮೆಯಮ್ಮನವರಿಗೆ ಷಡಕ್ಷರಿಯ ತಾಯಿ ನೀಲಗಂಗಮ್ಮ ಮಾಡುವ ಶರಣಾರ್ಥಿಗಳು. ಇಲ್ಲಿ ನಾವೆಲ್ಲ ಉಂಡಿದ್ದೇವೆ. ಚೀಲ ಬಿಚ್ಚಿಲ್ಲ. ನಿಮ್ಮ ಮಗ ಸೇಜಿ—